ಯಾರ ಹೆಸರಿಗೆ ಆಟ, ಯಾರ ಕೈಗೆ ಕಾಸು?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಹುಡುಗರ ಜಾಹೀರಾತು ದುಡ್ಡಿನ ಸುದ್ದಿ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿರಬೇಕು. ಒಳ್ಳೆಯದೇ ಆಯಿತು, ಮೆಣಸಿನ ರೇಟು ಬಿಟ್ಟು ಬೇರೆ ಏನಾದರೂ ಕೇಳಿದರಲ್ಲ!

ಪ್ರಶ್ನೆ: ನನ್ನ ತಂಗಿಯ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಕಾಲೇಜಿನಲ್ಲಿ ಓದುವ ಹುಡುಗರೇ ಫುಟ್‌ಬಾಲ್ ಆಡಿ ಕೋಟಿಗಟ್ಟಲೆ ದುಡಿಯುತ್ತಾರಂತೆ. ಓದುವ ಮಕ್ಕಳಿಗೆ ಇಷ್ಟು ದುಡ್ಡು ಯಾರು ಕೊಡುತ್ತಾರೆ? ಯಾಕೆ?
– ಒಬ್ಬ ಬೆಳೆಗಾರ, ಪೊನ್ನಂಪೇಟೆ

ನಿಮ್ಮ ಹುಡುಗ ಸುಳ್ಳು ಹೇಳಿಲ್ಲ ಸರ್. ಮೊದಲು ಒಂದು ಮಾತು, ಇದು ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರನ್ನೊಬ್ಬರು ಗುದ್ದಿ ಬೀಳಿಸುವ ಆಟ. ಅಲ್ಲಿ ಕಾಲೇಜು ಮ್ಯಾಚ್ ಅಂದರೆ ಜಾತ್ರೆ. ಮಿಚಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಂಥವು ಅದರೊಳಗೆ ಎರಡು ಹಿಡಿಸಿ ಇನ್ನೂ ಜಾಗ ಮಿಕ್ಕೀತು. ಶಾಲೆ ಮುಗಿಸಿ ಮೂರು ವರ್ಷ ಆಗದೆ ದೊಡ್ಡ ವೃತ್ತಿಪರ ಲೀಗ್‌ಗೆ ಹೋಗುವ ಹಾಗಿಲ್ಲ. ಹಾಗಾಗಿ ಒಳ್ಳೆಯ ಆಟಗಾರ ಕಾಲೇಜು ದಾಟಿಕೊಂಡೇ ಹೋಗಬೇಕು.

ಟಿಕೆಟ್, ಟಿವಿ, ಟೀ ಶರ್ಟ್ ಎಲ್ಲದರಿಂದಲೂ ಹಣ ಬರುತ್ತಿತ್ತು. ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ನಿಕ್ ಸೇಬನ್ ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಸಂಬಳ ತೆಗೆದುಕೊಂಡರು. ಆಡುವ ಹುಡುಗನಿಗೆ ಮಾತ್ರ ಫೀಸು, ಹಾಸ್ಟೆಲ್ಲು, ಊಟ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ ಇದಕ್ಕೆ ಕೊಟ್ಟ ಹೆಸರು 'ಹವ್ಯಾಸಿ ಆಟ'. ಇಡೀ ವ್ಯವಸ್ಥೆಯಲ್ಲಿ ಹವ್ಯಾಸಿ ಆಗಿದ್ದವನು ಬೆವರು ಸುರಿಸುವವನು ಒಬ್ಬನೇ! ಬೇರೆ ಕಡೆಯಿಂದ ಕಾಸು ಮುಟ್ಟಿದರೆ ಶಿಕ್ಷೆ. ರೆಗ್ಗಿ ಬುಷ್ ಅನ್ನುವವನು 2005ರಲ್ಲಿ ಹೈಸ್‌ಮನ್ ಟ್ರೋಫಿ, ಅಂದರೆ ಆ ಆಟದ ಅತಿ ದೊಡ್ಡ ಪ್ರಶಸ್ತಿ, ಗೆದ್ದಿದ್ದ. ಅವನ ಕುಟುಂಬ ಹಣ, ಸವಲತ್ತು ಪಡೆದಿತ್ತು ಅಂತ ಗಲಾಟೆಯಾಗಿ 2010ರಲ್ಲಿ ಅದನ್ನು ವಾಪಸ್ ಕೊಡಬೇಕಾಯಿತು. ಮತ್ತೆ ಅವನ ಕೈಗೆ ಬಂದದ್ದು 2024ರಲ್ಲಿ.

ಇದನ್ನು ಮುರಿದದ್ದು ಕೋರ್ಟುಗಳು. ಎಡ್ ಓಬ್ಯಾನನ್ ಅನ್ನುವ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಡಿಯೋ ಗೇಮ್ ಒಂದರಲ್ಲಿ ತನ್ನ ಹಾಗೇ ಇರುವ ಗೊಂಬೆ ಆಡುವುದನ್ನು ಕಂಡು 2009ರಲ್ಲಿ ಕೇಸು ಹಾಕಿದ. ತನಗೆ ಅದರಿಂದ ನಯಾಪೈಸೆ ಇಲ್ಲ ಅನ್ನುವುದು ಅವನ ತಕರಾರು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಅಂತ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಇನ್ನೊಂದು ಕೇಸಿನಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಅದೇ ವರ್ಷ ಜುಲೈ 1ರಿಂದ ಹುಡುಗರು ತಮ್ಮ ಹೆಸರು, ಚಿತ್ರ, ಚಹರೆ ಮಾರಿ ದುಡಿಯಬಹುದು ಅಂತಾಯಿತು. ಇಂಗ್ಲಿಷ್ ಅಕ್ಷರ ಸೇರಿಸಿ ಅದಕ್ಕೆ ಎನ್‌ಐಎಲ್ ಅನ್ನುತ್ತಾರೆ. ತಿಂಗಳು ಕಳೆಯುವುದರೊಳಗೆ ಸೇಬನ್ ಅವರೇ ಹೇಳಿದರು, ತಮ್ಮ ಹುಡುಗ ಬ್ರೈಸ್ ಯಂಗ್‌ನ ಒಪ್ಪಂದಗಳು ಹತ್ತು ಲಕ್ಷ ಡಾಲರ್ ಹತ್ತಿರ ಬಂದಿವೆ ಅಂತ. ನಮ್ಮ ಲೆಕ್ಕದಲ್ಲಿ ಏಳು ಕೋಟಿ ರೂಪಾಯಿ. ಆಗಿನ್ನೂ ಅವನು ಒಂದು ಮ್ಯಾಚನ್ನೂ ಮೊದಲಿನಿಂದ ಆಡಿರಲಿಲ್ಲ!

ಪ್ರಶ್ನೆ: ಹಾಗಾದರೆ ದುಡ್ಡಿರುವ ಕಾಲೇಜೇ ಯಾವಾಗಲೂ ಗೆಲ್ಲುತ್ತದೆ ಅಲ್ವಾ? ಮತ್ತೆ ಆಟ ನೋಡುವುದಾದರೂ ಯಾಕೆ?
– ಪದವಿ ವಿದ್ಯಾರ್ಥಿ, ವಿರಾಜಪೇಟೆ

ನಾನೂ ಹಾಗೇ ಅಂದುಕೊಂಡಿದ್ದೆ ತಮ್ಮಾ. ಆದರೆ ನಡೆದದ್ದು ಅಷ್ಟು ಸರಳವಾಗಿಲ್ಲ.

ಒಂದು, ಮೊದಲೇನು ಸಮಾನತೆ ಇತ್ತಾ? 2009ರಿಂದ 2020ರೊಳಗೆ ಅಲಬಾಮಾ ಒಂದೇ ಆರು ಸಲ ಚಾಂಪಿಯನ್. ದುಡ್ಡು ಹುಡುಗರಿಗೆ ಹೋಗುತ್ತಿರಲಿಲ್ಲ, ಅಷ್ಟೇ. ಹೊಳೆಯುವ ಜಿಮ್ಮು, ದೊಡ್ಡ ಕೋಚು, ಟಿವಿಯಲ್ಲಿ ಮುಖ, ಇವನ್ನು ತೋರಿಸಿ ಕರೆಯುತ್ತಿದ್ದರು. ಒಳ್ಳೆಯ ಹುಡುಗರೆಲ್ಲ ಅದೇ ನಾಲ್ಕೈದು ಕಾಲೇಜಿಗೆ ಸೇರಿ, ಅರ್ಧ ಜನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಬೇಜಾರಾಗಿ ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಆಡದೆ ಸುಮ್ನೆ ಕೂರಬೇಕು ಅನ್ನುವ ನಿಯಮ ಬೇರೆ.

ಆ ನಿಯಮ 2021ರಲ್ಲೇ ಸಡಿಲವಾಯಿತು. 2024ರಿಂದ ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಬಹುದು. ಹೆಸರು ಬರೆಸುವ ಪಟ್ಟಿಗೆ 'ಟ್ರಾನ್ಸ್‌ಫರ್ ಪೋರ್ಟಲ್' ಅಂತಾರೆ. ನನ್ನ ಕೇಳಿದರೆ ಪೈಪೋಟಿಯನ್ನು ತಲೆಕೆಳಗು ಮಾಡಿದ್ದು ಜಾಹೀರಾತಿನ ದುಡ್ಡೊಂದೇ ಅಲ್ಲ. ಆ ದುಡ್ಡೂ, ಎದ್ದು ಹೋಗುವ ಸ್ವಾತಂತ್ರ್ಯವೂ ಒಟ್ಟಿಗೆ ಬಂದದ್ದು.

ಕಾಫಿ ಕುಯ್ಯುವ ಕಾಲದಲ್ಲಿ ನಮ್ಮಲ್ಲಿ ಆಗುವುದು ನೆನಪಿಸಿಕೊಳ್ಳಿ. ನಿನ್ನೆವರೆಗೆ ನಿಮ್ಮ ತೋಟಕ್ಕೆ ಬಂದವರು ಇವತ್ತು ಪಕ್ಕದ ತೋಟದ ಜೀಪು ಹತ್ತಿರುತ್ತಾರೆ, ಅಲ್ಲಿ ಕೆಜಿಗೆ ಒಂದು ರೂಪಾಯಿ ಜಾಸ್ತಿ ಅಂತ. ಅವರನ್ನು ಬೈಯುವುದು ನ್ಯಾಯವಲ್ಲ, ಕೂಲಿ ಅವರ ಹಕ್ಕು. ಆದರೆ ಹಣ್ಣು ಗಿಡದಲ್ಲೇ ಒಣಗುವುದು ಮೂರು ಎಕರೆಯವನ ತೋಟದಲ್ಲಿ, ಮುನ್ನೂರು ಎಕರೆಯವನ ತೋಟದಲ್ಲಲ್ಲ. ಅಲ್ಲಿಯೂ ಹಾಗೇ. ಸಣ್ಣ ಕಾಲೇಜು ಒಬ್ಬ ಹುಡುಗನನ್ನು ಎರಡು ವರ್ಷ ತಿದ್ದಿ ತೀಡಿ ಆಟಗಾರನನ್ನಾಗಿ ಮಾಡುತ್ತದೆ, ಮೂರನೆಯ ವರ್ಷ ದೊಡ್ಡವರು ಬಂದು ಕರೆದುಕೊಂಡು ಹೋಗುತ್ತಾರೆ. ಸಣ್ಣ ಕಾಲೇಜು ನರ್ಸರಿ ಆಗಿಬಿಟ್ಟಿದೆ.

ಹಾಗಂತ ಮೇಲಿನವರೇ ಗೆದ್ದರಾ? ಇಂಡಿಯಾನಾ ವಿಶ್ವವಿದ್ಯಾಲಯದ ಕಥೆ ಕೇಳಿ. ದೊಡ್ಡ ದರ್ಜೆಯ ತಂಡಗಳಲ್ಲಿ ಇತಿಹಾಸದಲ್ಲೇ ಅತಿ ಹೆಚ್ಚು ಸೋತವರು ಅನ್ನುವ ಹಣೆಪಟ್ಟಿ ಅದಕ್ಕಿತ್ತು. 2023ರ ಕೊನೆಗೆ ಕರ್ಟ್ ಸಿಗ್ನೆಟ್ಟಿ ಅನ್ನುವ ಕೋಚ್ ಜೇಮ್ಸ್ ಮ್ಯಾಡಿಸನ್ ಎಂಬ ಚಿಕ್ಕ ಕಾಲೇಜಿನಿಂದ ಅಲ್ಲಿಗೆ ಬಂದರು. ಬರುವಾಗ ಹಳೆಯ ತಂಡದಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಕರೆದುಕೊಂಡೇ ಬಂದರು. ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಫರ್ನಾಂಡೊ ಮೆಂಡೋಜಾ ಅನ್ನುವ ಆಟಗಾರ ಬಂದ. ಅವನಿಗೆ 2025ರ ಹೈಸ್‌ಮನ್ ಟ್ರೋಫಿ ಸಿಕ್ಕಿತು, ತಂಡ ಒಂದೂ ಮ್ಯಾಚ್ ಸೋಲದೆ 2026ರ ಜನವರಿಯಲ್ಲಿ ಚಾಂಪಿಯನ್ ಆಯಿತು. ಹಳೆಯ ಪದ್ಧತಿಯಲ್ಲಿ ಇದು ಕನಸಿನಲ್ಲೂ ಆಗುತ್ತಿರಲಿಲ್ಲ. ತಮಾಷೆ ಅಂದರೆ ಅಷ್ಟೊಂದು ಹುಡುಗರನ್ನು ಕಳೆದುಕೊಂಡ ಜೇಮ್ಸ್ ಮ್ಯಾಡಿಸನ್ ಕೂಡ ಅದೇ ಸೀಸನ್‌ನಲ್ಲಿ ಪ್ಲೇಆಫ್ ತಲುಪಿತು. ಆದರೆ ಎಲ್ಲ ನರ್ಸರಿಗೂ ಅಂಥ ಅದೃಷ್ಟ ಇರುವುದಿಲ್ಲ.

ಹಾಗಾಗಿ ನನ್ನ ಅಂದಾಜು ಹೀಗೆ. ಮೇಲಿನ ಸಾಲು ಅಗಲವಾಗುತ್ತದೆ. ಮೊದಲು ನಾಲ್ಕೈದು ಕಾಲೇಜು ಗೆಲ್ಲಬಹುದಿತ್ತು, ಈಗ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಎಣ್ಣೆ ಬಾವಿಯ ಸಾಹುಕಾರ ಇದ್ದರೂ ಸಾಕು, ಒಂದು ಸಾಧಾರಣ ಕಾಲೇಜು ಎರಡೇ ವರ್ಷದಲ್ಲಿ ಮೇಲೆ ಬರಬಹುದು. ಅದರ ಕೆಳಗಿನವರಿಗೂ ಮೇಲಿನವರಿಗೂ ನಡುವಿನ ಕಂದಕ ಮಾತ್ರ ಇನ್ನೂ ಆಳವಾಗುತ್ತದೆ.

ಇನ್ನೊಂದು ತಿರುವು ಇದೆ. 2025ರ ಜೂನ್‌ನಲ್ಲಿ ಆಟಗಾರರಿಗೂ ಎನ್‌ಸಿಎಎಗೂ ನಡುವಿನ ಒಂದು ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಜೊತೆಗೆ ಈಗ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು, 2025-26ರಲ್ಲಿ ಒಂದು ಕಾಲೇಜಿಗೆ ಮಿತಿ 2.05 ಕೋಟಿ ಡಾಲರ್, ಅಂದರೆ 170 ಕೋಟಿ ರೂಪಾಯಿಗೂ ಜಾಸ್ತಿ, ಮತ್ತು ಅದು ಎಲ್ಲ ಆಟಗಳಿಗೂ ಸೇರಿ. ಎಲ್ಲರಿಗೂ ಒಂದೇ ಮಿತಿ ಅಂದರೆ ಸಮಾನತೆ ಬಂತು ಅನ್ನಿಸುತ್ತದೆ ಅಲ್ವಾ? ಇಲ್ಲ. ಹೊರಗಿನ ಕಂಪನಿ ಕೊಡುವ ಜಾಹೀರಾತು ದುಡ್ಡು ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಮಿತಿ ತುಂಬಿದ ಮೇಲೆ ಉಳಿದ ಬಾಗಿಲು ಅದೊಂದೇ. 600 ಡಾಲರ್ ದಾಟಿದ ಒಪ್ಪಂದವನ್ನೆಲ್ಲ ತೋರಿಸಬೇಕು, ಅದು ನಿಜವಾದ ಜಾಹೀರಾತೋ, ಸಂಬಳಕ್ಕೆ ಹಾಕಿದ ವೇಷವೋ ಅಂತ ಪರಿಶೀಲನೆ ನಡೆಯುತ್ತದೆ. ಅಭಿಮಾನಿ ಸಾಹುಕಾರನ ಕಾರು ಶೋರೂಮಿನ ಒಂದು ಫೋಟೋಗೆ ಲಕ್ಷ ಡಾಲರ್ ಕೊಟ್ಟರೆ ಅದು ಜಾಹೀರಾತಾ, ದಕ್ಷಿಣೆಯಾ? ಮುಂದಿನ ಜಗಳವೆಲ್ಲ ಇಲ್ಲೇ ನಡೆಯುವುದು, ನೋಡುತ್ತಿರಿ.

ಪ್ರಶ್ನೆ: ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು?
– ಏಳನೇ ಕ್ಲಾಸು, ಕುಶಾಲನಗರ

ಅದು ರಗ್ಬಿ ಫುಟ್‌ಬಾಲ್‌ನಿಂದ ಹುಟ್ಟಿದ್ದು ಪುಟ್ಟಾ, ಹಳೆಯ ಹೆಸರು ಹಾಗೇ ಉಳಿಯಿತು. ನಮ್ಮಲ್ಲಿ ಗದ್ದೆಯೇ ಇಲ್ಲದ ಊರಿಗೂ ಗದ್ದೆ ಅಂತ ಹೆಸರಿರುವುದಿಲ್ಲವಾ, ಹಾಗೆ.

ಪ್ರಶ್ನೆ: ನಮ್ಮ ಹಾಕಿ ನಮ್ಮೆಗೂ ಈ ರೋಗ ಬಂದರೆ ಏನು ಗತಿ?
– ಹಳೆಯ ಗೋಲ್‌ಕೀಪರ್, ನಾಪೋಕ್ಲು

ಗೋಲ್‌ಕೀಪರ್‌ಗೆ ಭಯ ಸಹಜ. ಆದರೆ ನಮ್ಮೆಗೆ, ಅಂದರೆ ಕೊಡವ ಕುಟುಂಬಗಳ ಈ ಹಾಕಿ ಹಬ್ಬಕ್ಕೆ, ಒಂದು ಬೇಲಿ ಇದೆ. ಅದೇ ಒಕ್ಕ, ಅಂದರೆ ಒಂದೇ ಮನೆತನದ ಕುಟುಂಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಇದನ್ನು ಶುರು ಮಾಡಿದಾಗ 60 ಕುಟುಂಬಗಳ ತಂಡ ಇದ್ದವು. 2024ರಲ್ಲಿ ನಿಮ್ಮ ನಾಪೋಕ್ಲಿನಲ್ಲೇ 360 ತಂಡ ಆಡಿದವು. ಅಷ್ಟು ಬೆಳೆದರೂ ತಂಡ ಕಟ್ಟುವುದು ಮನೆ ಹೆಸರಿನ ಮೇಲೆ. ಪಕ್ಕದ ಒಕ್ಕದ ಸೆಂಟರ್ ಫಾರ್ವರ್ಡ್ ಎಷ್ಟೇ ಚೆನ್ನಾಗಿ ಆಡಲಿ, ಐವತ್ತು ಲಕ್ಷ ಕೊಟ್ಟರೂ ಅವನ ಐನ್‌ಮನೆ, ಅಂದರೆ ಒಕ್ಕದ ಮೂಲ ಮನೆ, ಬದಲಾಗುವುದಿಲ್ಲ. ಅಲ್ಲಿ ಹುಡುಗ ಮಾರುವುದು ತನ್ನ ಹೆಸರು, ಇಲ್ಲಿ ಅವನು ಆಡುವುದು ಮಾರಲಾಗದ ಹೆಸರಿಗೆ.

ಇದರಿಂದ ಸಮಾನತೆ ಬಂತು ಅಂತ ಹೇಳಲಾರೆ. ದೊಡ್ಡ ಒಕ್ಕಗಳಲ್ಲಿ ರಾಜ್ಯ, ರಾಷ್ಟ್ರಮಟ್ಟದ ಆಟಗಾರರು ಸಾಲಾಗಿರುತ್ತಾರೆ, ಚಿಕ್ಕ ಒಕ್ಕದಲ್ಲಿ ಹನ್ನೊಂದು ಜನ ಸೇರಿಸಲು ಬೆಂಗಳೂರಿಗೆ ನಾಲ್ಕು ಫೋನ್ ಹಾಕಿ, ಮಾವನಿಗೂ ಸ್ಟಿಕ್ ಹಿಡಿಸಬೇಕು. ಕೊನೆಯ ಹಂತದಲ್ಲಿ ಅವೇ ಕೆಲವು ಹೆಸರು ಮತ್ತೆ ಮತ್ತೆ ಕಾಣುತ್ತವೆ. ಆದರೂ ಮೊದಲ ಸುತ್ತಿನಲ್ಲೇ ಆರು ಗೋಲಿಗೆ ಸೋತ ತಂಡದವರು ಊಟಕ್ಕೆ ನಗುತ್ತಾ ಕೂತಿರುತ್ತಾರಲ್ಲ, ಅದು ದುಡ್ಡಿಗೆ ಆಡುವ ಕಡೆ ಕಾಣುವುದಿಲ್ಲ.

ಬೇಲಿ ಇಲ್ಲದ ಕಡೆ ನೋಡಿ. ಊರೂರಿನ ಫುಟ್‌ಬಾಲ್ ಟೂರ್ನಿಗಳಲ್ಲಿ 'ಗೆಸ್ಟ್ ಪ್ಲೇಯರ್' ಅಂತ ಹೊರಗಿನವರು ಬಂದು ಇಳಿಯುತ್ತಾರೆ. ನಾನು ಆಡುತ್ತಿದ್ದ ಕಾಲದಲ್ಲಿ ಒಂದು ಫೈನಲ್‌ನಲ್ಲಿ ಎದುರು ತಂಡದ ಐದು ಜನಕ್ಕೆ ತಾವು ಯಾವ ಊರಿಗೆ ಆಡುತ್ತಿದ್ದೇವೆ ಅಂತಲೇ ಗೊತ್ತಿರಲಿಲ್ಲ. ನಾವು ನಾಲ್ಕು ಗೋಲು ತಿಂದೆವು. ನಿಜ ಹೇಳಬೇಕೆಂದರೆ ಅವರು ಬಹಳ ಚೆನ್ನಾಗಿ ಆಡಿದರು, ಜನ ಚಪ್ಪಾಳೆಯನ್ನೂ ಹೊಡೆದರು. ಮುಂದಿನ ವರ್ಷ ನಾವೂ ಮೂವರನ್ನು ಕರೆಸಿದೆವು. ನಮ್ಮೂರಿನ ಮೂವರು ಹುಡುಗರು ಬೆಂಚಿಗೆ ಹೋದರು, ಒಬ್ಬ ಆಟವನ್ನೇ ಬಿಟ್ಟ.

ಪ್ರಶ್ನೆ: ಮಗಳು ಕ್ರೀಡಾ ಹಾಸ್ಟೆಲ್‌ನಲ್ಲಿದ್ದು ಹಾಕಿ ಆಡುತ್ತಾಳೆ, ಈಗ ಪಿಯುಸಿ. ಅಮೆರಿಕದ ಕಾಲೇಜಿಗೆ ಕಳಿಸಿದರೆ ಸ್ಕಾಲರ್‌ಶಿಪ್ಪೂ ಸಿಗುತ್ತದೆ, ಜಾಹೀರಾತಿನ ದುಡ್ಡೂ ಬರುತ್ತದೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ನಂಬಬಹುದಾ?
– ಒಬ್ಬ ತಾಯಿ, ಸೋಮವಾರಪೇಟೆ

ಅರ್ಧ ನಂಬಿ ಮೇಡಂ. ಎನ್‌ಸಿಎಎ ಕಾಲೇಜುಗಳಲ್ಲಿ ನಮ್ಮಂಥ ಹಾಕಿ ಇರುವುದು ಹೆಣ್ಣುಮಕ್ಕಳಿಗೆ ಮಾತ್ರ, ಗಂಡು ಮಕ್ಕಳ ತಂಡವೇ ಇಲ್ಲ. ಅಲ್ಲಿ ಬರೀ ಹಾಕಿ ಅಂದರೆ ಐಸ್ ಹಾಕಿ ಅಂದುಕೊಳ್ಳುತ್ತಾರೆ, 'ಫೀಲ್ಡ್ ಹಾಕಿ' ಅಂತ ಕೇಳಬೇಕು. ಹೊರದೇಶದ ಹುಡುಗಿಯರು ಬಹಳ ಜನ ಆಡುತ್ತಾರೆ. ಸ್ಕಾಲರ್‌ಶಿಪ್ ಸಿಗುತ್ತದೆ, ಆದರೆ ಎಲ್ಲರಿಗೂ ಪೂರ್ತಿ ಅಲ್ಲ. ಎಷ್ಟು ಭಾಗ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದನ್ನು, ಅಂಕಪಟ್ಟಿ ಕಳಿಸುವುದನ್ನು ನೀವೇ ಮಾಡಬಹುದು. ಅದಕ್ಕೆ ಏಜೆಂಟ್ ಬೇಕಿಲ್ಲ. ಕೋಚ್‌ಗಳಿಗೆ ಅವಳ ಆಟದ ವಿಡಿಯೋ ನೇರವಾಗಿ ಈಮೇಲ್ ಮಾಡಿ.

ಜಾಹೀರಾತಿನ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಅಲ್ಲಿ ಹೊರಗಡೆ ಕೆಲಸ ಮಾಡುವ ಹಾಗಿಲ್ಲ, ಕಂಪನಿಗಾಗಿ ಕ್ಯಾಮೆರಾ ಮುಂದೆ ನಿಲ್ಲುವುದೂ ಕೆಲಸ ಅಂತಲೇ ಆಗಿಬಿಡಬಹುದು. ವೀಸಾಕ್ಕೇ ಕುತ್ತು. ಪಕ್ಕದಲ್ಲಿ ಆಡುವ ಅಮೆರಿಕದ ಹುಡುಗಿ ಇನ್‌ಸ್ಟಾಗ್ರಾಂನಲ್ಲಿ ಶೂ ತೋರಿಸಿ ದುಡಿಯಬಹುದು, ನಿಮ್ಮ ಮಗಳು ಅದನ್ನೇ ಮಾಡಿದರೆ ತೊಂದರೆಗೆ ಬೀಳಬಹುದು. ಕಾಲೇಜೇ ಹಂಚುವ ಹಣದಲ್ಲೂ ಹಾಕಿಗೆ ಉಳಿಯುವುದು ಚೂರುಪಾರು. ಆ ರಾಜಿಯಲ್ಲಿ ಹಳೆಯ ಆಟಗಾರರಿಗೆ ಪರಿಹಾರ ಹಂಚಿದ ರೀತಿ ನೋಡಿದರೆ ಗೊತ್ತಾಗುತ್ತದೆ, ಸುಮಾರು ಮುಕ್ಕಾಲು ಪಾಲು ಫುಟ್‌ಬಾಲ್‌ಗೆ, ಉಳಿದದ್ದರಲ್ಲಿ ಹೆಚ್ಚಿನದು ಬ್ಯಾಸ್ಕೆಟ್‌ಬಾಲ್‌ಗೆ.

ಹತ್ತಿರದಲ್ಲೂ ಒಂದು ಸಲ ವಿಚಾರಿಸಿ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಯೋಜನೆ ಇದೆ. ಅಮೆರಿಕವೇ ಬೇಕು ಅಂತ ಮಗಳು ಹಟ ಹಿಡಿದರೆ ಕಳಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಬರೆದು ಕೇಳಿ. ಆ ಏಜೆಂಟ್ ಈಗಲೇ ಅಡ್ವಾನ್ಸ್ ಕೇಳಿದ್ದರೆ ಕೊಡಬೇಡಿ.