ಹಳೇ ಏರ್‌ಗನ್‌ಗಳಿಗೆ ಆನ್‌ಲೈನ್‌ನಲ್ಲಿ ಇಷ್ಟೊಂದು ಬೆಲೆ ಯಾಕೆ? ಈಗ ಕೊಳ್ಳೋದಾ, ಕಾಯೋದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಯಾರೂ ಮೂಸಿ ನೋಡದಿದ್ದ ಹಳೇ ಏರ್‌ಗನ್‌ಗಳು ಈಗ ಕೈಗೆಟುಕದಂತೆ ಆಗಿರುವುದೇಕೆ? ನಿಮ್ಮ ಕಣ್ಣಿಗೆ ಬಿದ್ದಿರುವ, ‘ಬಹಳ ಅಪರೂಪ, ಚೆನ್ನಾಗಿ ಕೆಲಸ ಮಾಡುತ್ತೆ’ ಎಂದು ಬರೆದಿರುವ ಆ ಡಯಾನಾ 27 ಎಂಬ ಜರ್ಮನ್ ಏರ್ ರೈಫಲ್ ಅನ್ನು ಈಗಲೇ ತೆಗೆದುಕೊಳ್ಳಬೇಕಾ, ಬೆಲೆ ಇಳಿಯಲಿ ಅಂತ ಕಾಯಬೇಕಾ? ಹಳೇ ಸ್ಪ್ರಿಂಗ್ ಏರ್‌ಗನ್‌ಗಳನ್ನು (ಸ್ಪ್ರಿಂಗ್ ಪಿಸ್ಟನ್ ಅನ್ನು ತಳ್ಳಿ, ಆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವವು) ಕೊಂಡು, ಬಿಚ್ಚಿ, ಸರಿಮಾಡುವ ಹುಚ್ಚು ನನಗೆ ಬಹಳ ವರ್ಷಗಳಿಂದ ಇದೆ. ಇದರಲ್ಲಿ ದುಡ್ಡು ಕಳೆದುಕೊಂಡದ್ದೂ ಇದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲನೆಯದಾಗಿ, ಆ ಜಾಹೀರಾತುಗಳಲ್ಲಿ ಕಾಣುವ ಅಂಕಿ ಬೆಲೆಯಲ್ಲ, ಮಾರುವವನ ಆಸೆ. ಒಂದು ಗನ್ ಅನ್ನು ನಾನು ಏಳೆಂಟು ತಿಂಗಳು ಗಮನಿಸುತ್ತಾ ಇದ್ದೆ. ಗನ್ ಮಲಗಿಸಿದ ಅದೇ ಹಸಿರು ಹೊದಿಕೆ, ಅದೇ ಅರ್ಧ ಕತ್ತರಿಸಿದ ಫೋಟೊ. ಗಿರಾಕಿ ಸಿಗದೆ ಜಾಹೀರಾತಿನ ಅವಧಿ ಮುಗಿಯುತ್ತಿತ್ತು, ಮತ್ತೆ ಹಾಕುವಾಗ ಮಹಾಶಯ ಬೆಲೆಯನ್ನು ಇನ್ನೊಂಚೂರು ಏರಿಸುತ್ತಿದ್ದ! ಕೊನೆಗೆ ಕೇಳಿದರೆ, ‘ಬೇರೆಯವರು ಇಷ್ಟಕ್ಕೆ ಹಾಕಿದ್ದಾರಲ್ಲ’ ಅಂದ. ಆ ಬೇರೆಯವರದ್ದೂ ಮಾರಾಟವಾಗಿರಲಿಲ್ಲ. ಮುಂಚೆ ಅಟ್ಟದ ಮೇಲಿನ ಗನ್ ಮಾರುವವನಿಗೆ ಅದು ಏನು ಅಂತಲೇ ಗೊತ್ತಿರುತ್ತಿರಲಿಲ್ಲ, ಕೊಟ್ಟಷ್ಟು ಇಸಿದುಕೊಂಡು ಕಳಿಸುತ್ತಿದ್ದ. ಈಗ ಅವನೂ ಫೋನಿನಲ್ಲಿ ಹುಡುಕುತ್ತಾನೆ, ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದಿದೆಯೋ ಅದನ್ನೇ ಹಿಡಿದುಕೊಳ್ಳುತ್ತಾನೆ. ಮಾರಾಟವಾದ ವಸ್ತುಗಳ ಬೆಲೆ ತೋರಿಸುವ ಸೌಲಭ್ಯ ಆ ತಾಣದಲ್ಲಿದ್ದರೆ ಅದನ್ನು ಮಾತ್ರ ನೋಡಿ. ಇಲ್ಲದಿದ್ದರೆ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ, ಎರಡು ತಿಂಗಳಲ್ಲಿ ಚಿತ್ರ ತಾನಾಗಿ ಸ್ಪಷ್ಟವಾಗುತ್ತದೆ.

ಹಾಗಂತ ಬೆಲೆ ಏರಿದೆ ಅನ್ನುವುದು ಬರೀ ಗಾಳಿಮಾತಲ್ಲ. ಫೈನ್‌ವೆರ್ಕ್‌ಬಾವ್ 300ಎಸ್ ಎಂಬ ಜರ್ಮನ್ ರೈಫಲ್ ಅನ್ನೇ ತೆಗೆದುಕೊಳ್ಳಿ. ಗುಂಡು ಹಾರುವಾಗ ಅದರ ಇಡೀ ಲೋಹದ ಭಾಗ ಮರದ ಹಿಡಿಯೊಳಗಿನ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಒದೆತ ಭುಜಕ್ಕೆ ಗೊತ್ತೇ ಆಗುವುದಿಲ್ಲ. ಸ್ಪರ್ಧೆಗೆಂದೇ ಮಾಡಿದ ರೈಫಲ್ ಅದು. 1984ರಲ್ಲಿ ಹತ್ತು ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬರುವ ಹೊತ್ತಿಗೆ ಸ್ಪರ್ಧಿಗಳು ಒಂದೇ ಸಲ ಲಿವರ್ ಎಳೆದು ಗಾಳಿ ಒತ್ತುವ ಬಂದೂಕುಗಳ ಕಡೆ ಹೊರಳುತ್ತಿದ್ದರು. ಆಮೇಲೆ ಮೊದಲೇ ಗಾಳಿ ತುಂಬಿದ ಸಿಲಿಂಡರಿನವು ಬಂದವು. ಕ್ಲಬ್‌ಗಳು ಹಳೇ ಸ್ಪ್ರಿಂಗ್ ರೈಫಲ್‌ಗಳನ್ನು ರಾಶಿ ರಾಶಿಯಾಗಿ ಹೊರಗೆ ಹಾಕಿದವು. ಆ ರಾಶಿ ಕರಗುವವರೆಗೆ ಅವು ಅಗ್ಗವಾಗಿದ್ದವು. ಈಗ ರಾಶಿ ಖಾಲಿ. ಆ ಥರದ ಕೆತ್ತನೆ, ಆ ಥರದ ಉಕ್ಕು ಇವತ್ತು ಹೊಸದಾಗಿ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಯೋಚಿಸಿದರೆ, ಈಗಿನ ಬೆಲೆಯೂ ನನಗೆ ಹೆಚ್ಚೆನಿಸುವುದಿಲ್ಲ.

ಬ್ರಿಟನ್ನಿನ ವೆಬ್ಲಿ ಕಂಪನಿಯದು ಬೇರೆ ಕಥೆ. 1924ರಿಂದ ಏರ್ ಪಿಸ್ತೂಲು ಮಾಡುತ್ತಿದ್ದ ಆ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ತಯಾರಿಕೆ 2005ರಲ್ಲಿ ನಿಂತಿತು. ಹೆಸರು ಬೇರೆ ಕಡೆ ತಯಾರಾದ ಗನ್‌ಗಳ ಮೇಲೆ ಮುಂದುವರಿಯಿತು. ಅಲ್ಲಿಂದ ‘ಬರ್ಮಿಂಗ್‌ಹ್ಯಾಮ್’ ಎಂಬ ಅಚ್ಚಿಗೇ ಒಂದು ಬೆಲೆ ಬಂತು. ಅಮೆರಿಕದ ಶೆರಿಡನ್ ಮಾಡೆಲ್ ಎ ಏರ್ ರೈಫಲ್ 1947ರಲ್ಲಿ ಬಂದದ್ದು, ಮಾಡಿದ್ದೇ ಎರಡು ಸಾವಿರದ ಚಿಲ್ಲರೆ. ಅದು ಇಳಿಯುತ್ತೆ ಅಂತ ಕಾಯುವುದು ವ್ಯರ್ಥ. ಕಾನೂನೂ ತನ್ನ ಪಾಲು ಸಲ್ಲಿಸಿದೆ: ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಏರ್‌ಗನ್‌ಗೂ ಪರವಾನಗಿ ಬೇಕಾಯಿತು, ಜನ ಸಾವಿರಾರು ಗನ್‌ಗಳನ್ನು ಪೊಲೀಸರಿಗೆ ಒಪ್ಪಿಸಿಬಿಟ್ಟರು. ಅದರಲ್ಲಿ ಎಂಥೆಂಥವು ಹೋದವೋ, ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಾರಣ ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸರಿಯಾಗಿರುವ, ಪೂರ್ತಿ ಇರುವ ಗನ್ ಅನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುವ ವ್ಯಾಪಾರ. ಗುರಿ ಹಿಡಿಯುವ ಹಿಂದಿನ ಸೈಟ್ ಒಬ್ಬನಿಗೆ, ಟ್ರಿಗರ್ ಇನ್ನೊಬ್ಬನಿಗೆ, ಮರದ ಹಿಡಿ ಮತ್ತೊಬ್ಬನಿಗೆ. ಕೂಡಿಸಿದರೆ ಇಡೀ ಗನ್‌ಗಿಂತ ಹೆಚ್ಚು ಸಿಗುತ್ತದೆ. ಹಾಗೆ ಬಿಚ್ಚಿದ ಪ್ರತಿಯೊಂದೂ ಉಳಿದ ಪೂರ್ತಿ ಗನ್‌ಗಳ ಬೆಲೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ದೂಡುತ್ತದೆ. ಬಿಡಿಭಾಗ ಕೊಳ್ಳುವವನು ನಾನೂ ಆಗಿರುವುದರಿಂದ ಈ ಪಾಪದಲ್ಲಿ ನನಗೂ ಪಾಲಿದೆ, ಬಿಡಿ.

ಈಗ ನನಗೆ ಬಿದ್ದ ಪೆಟ್ಟಿನ ವಿಷಯ. ಒಂದು ಫೈನ್‌ವೆರ್ಕ್‌ಬಾವ್ 124 ಕಂಡಿತು: ಡಬ್ಬಿ ಸಮೇತ, ‘ಒಂದು ಗುಂಡೂ ಹೊಡೆದಿಲ್ಲ’. ಹೊಸದರ ಹಾಗೆ ಮಿಂಚುತ್ತಿತ್ತು. ಕೇಳಿದಷ್ಟು ಕೊಟ್ಟೆ. ಮನೆಗೆ ತಂದು ನಳಿಕೆಯನ್ನು ಕೀಲಿನ ಬಳಿ ಮಡಚಿ (ಸ್ಪ್ರಿಂಗ್ ಬಿಗಿಯಾಗುವುದು ಹೀಗೆಯೇ), ಪೆಲೆಟ್ ಎಂಬ ಸಣ್ಣ ಗುಂಡು ಇಟ್ಟು ಟ್ರಿಗರ್ ಒತ್ತಿದರೆ, ಒಳಗೆ ಠಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಪೆಲೆಟ್ ನಳಿಕೆಯ ನಡುವೆಯೇ ನಿಂತಿತು. ಬಿಚ್ಚಿ ನೋಡಿದೆ. ಗಾಳಿ ಸೋರದಂತೆ ಪಿಸ್ಟನ್ ತುದಿಯಲ್ಲಿ ಇರಬೇಕಾದ ಸೀಲ್ ಇರಲಿಲ್ಲ. ಅದರ ಬದಲು ಸ್ಪ್ರಿಂಗಿನ ಸುತ್ತ ಕಂದು ಬಣ್ಣದ ಮೇಣದಂಥ ಚೂರುಗಳು. ಬೆರಳಲ್ಲಿ ತಿಕ್ಕಿದರೆ ಪುಡಿ ಪುಡಿ. ಆ ಮಾದರಿಯಲ್ಲಿ ಕಾರ್ಖಾನೆಯವರು ಹಾಕಿದ್ದ ಪ್ಲಾಸ್ಟಿಕ್ ಸೀಲ್ ಬಳಸಲಿ ಬಿಡಲಿ, ವಯಸ್ಸಾದಂತೆ ತಾನಾಗಿ ಪುಡಿಯಾಗುತ್ತದೆ. ಅದೇ ಕಾಲದ ಡಯಾನಾದ ಜೋಡಿ ಪಿಸ್ಟನ್ ಇರುವ ಮಾದರಿಗಳಿಗೂ ಇದೇ ರೋಗ. ಅಂದರೆ ‘ಹೊಡೆದೇ ಇಲ್ಲ’ ಎಂಬುದು ಅಲ್ಲಿ ಹೊಗಳಿಕೆಯಲ್ಲ, ಎಚ್ಚರಿಕೆ: ಯಾರೂ ಬಿಚ್ಚಿಲ್ಲ, ಸೀಲ್ ಬದಲಿಸಿಲ್ಲ.

ತಮಾಷೆ ಏನೆಂದರೆ, ಅದಕ್ಕಿಂತ ಎಷ್ಟೋ ಹಳೆಯ ಗನ್‌ಗಳಲ್ಲಿ ಇರುವುದು ಚರ್ಮದ ವಾಷರ್. ಒಣಗಿ ಮುದುಡಿದ್ದರೂ ನಾಲ್ಕು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿದರೆ ಬಹುತೇಕ ಮತ್ತೆ ಜೀವ ಬರುತ್ತದೆ. ನಿಮ್ಮ ಅದೃಷ್ಟಕ್ಕೆ ಡಯಾನಾ 27 ಸಾಮಾನ್ಯವಾಗಿ ಈ ಚರ್ಮದ ಗುಂಪಿನದು. ನನ್ನ 124ಕ್ಕೂ ಹೊಸ ಸೀಲ್ ಸಿಕ್ಕಿತು, ಈಗ ಚೆನ್ನಾಗಿದೆ. ಸತ್ತ ಸೀಲ್ ಚೌಕಾಸಿಗೆ ಒಳ್ಳೇ ಅಸ್ತ್ರ, ಅದಕ್ಕೆ ಹೆದರಬೇಡಿ. ಹೆದರಬೇಕಾದದ್ದು ನಳಿಕೆಯೊಳಗಿನ ತುಕ್ಕಿಗೆ, ಬಾಗಿದ ನಳಿಕೆಗೆ. ನಳಿಕೆ ಮಡಚಿರುವಾಗಲೇ ಯಾರೋ ಟ್ರಿಗರ್ ಒತ್ತಿದ್ದರೆ ಅದು ಸಿಡಿದು ಮುಚ್ಚಿಕೊಂಡು ಮೇಲಕ್ಕೆ ಬಾಗುತ್ತದೆ, ಮರದ ಹಿಡಿಯ ಸಣ್ಣ ಭಾಗದಲ್ಲಿ ಬಿರುಕೂ ಬಿಡುತ್ತದೆ.

ಇನ್ನು ನಿಮ್ಮ 27. ‘ಬಹಳ ಅಪರೂಪ’ ಎಂಬ ಮಾತನ್ನು ಪಕ್ಕಕ್ಕಿಡಿ, ದಶಕಗಳ ಕಾಲ ಮಾಡಿದ ಮಾದರಿ ಅದು. ಒಂದೇ ಗನ್‌ಗೆ ಹಲವು ಹೆಸರು: ಅಮೆರಿಕದಲ್ಲಿ ಹೈ-ಸ್ಕೋರ್ 807, ವಿಂಚೆಸ್ಟರ್ 427. ಎರಡನೇ ಮಹಾಯುದ್ಧದ ನಂತರ ಡಯಾನಾ ಎಂಬ ಹೆಸರೂ ಯಂತ್ರಗಳೂ ಬ್ರಿಟನ್ನಿನ ಮಿಲ್‌ಬ್ರೋ ಕಂಪನಿಯ ಪಾಲಾದದ್ದರಿಂದ, ಜರ್ಮನಿಯವರು ತಮ್ಮ ಗನ್‌ಗಳನ್ನು ಅಲ್ಲಿ ‘ಒರಿಜಿನಲ್’ ಎಂಬ ಹೆಸರಿನಲ್ಲಿ ಮಾರಬೇಕಾಯಿತು. ಎಷ್ಟೋ ಮಾರಾಟಗಾರರಿಗೆ ಇದು ಗೊತ್ತಿಲ್ಲ. ಡಯಾನಾ ಎಂದು ಹುಡುಕುವ ಬದಲು ಈ ಹೆಸರುಗಳಲ್ಲಿ ಹುಡುಕಿ. ನನ್ನ 27 ‘ಒರಿಜಿನಲ್’ ಹೆಸರಲ್ಲಿ, ಪಕ್ಕದ ಜಾಹೀರಾತಿನ ಡಯಾನಾಗಿಂತ ಅರ್ಧಕ್ಕೂ ಕಡಿಮೆಗೆ ಸಿಕ್ಕಿತ್ತು.

ಮಾರುವವನಿಂದ ಕೆಲವು ಫೋಟೊ ಕೇಳಿ. ಯುದ್ಧಾನಂತರದ ಜರ್ಮನ್ ಡಯಾನಾಗಳಲ್ಲಿ ಸ್ಪ್ರಿಂಗ್ ಇರುವ ದಪ್ಪ ಕೊಳವೆಯ ಹಿಂಭಾಗದ ಪಕ್ಕದಲ್ಲಿ ತಿಂಗಳು-ವರ್ಷದ ಸಣ್ಣ ಅಚ್ಚು ಇರುತ್ತದೆ, ಅದರ ಹತ್ತಿರದ ಫೋಟೊ ಬೇಕು. ಅಕ್ಷರಗಳ ಅಂಚು ಮೊಂಡಾಗಿ, ಸವೆದಂತೆ ಕಂಡರೆ ಯಾರೋ ತುಕ್ಕು ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ. ಮಿಂಚುತ್ತಿದ್ದರೂ ಸಂಗ್ರಹಕಾರರ ಲೆಕ್ಕದಲ್ಲಿ ಅದರ ಬೆಲೆ ಇಳಿದಂತೆಯೇ. ಆಮೇಲೆ ಸ್ಕ್ರೂಗಳ ತಲೆ. ಗೀರು ಚೂಪಾಗಿದ್ದರೆ ಸರಿ, ಕಿತ್ತುಹೋಗಿದ್ದರೆ ಅನುಭವ ಇಲ್ಲದವರು ಕೈಯಾಡಿಸಿದ್ದಾರೆ ಅಂತ ಅರ್ಥ. 27ರ ಟ್ರಿಗರ್‌ನೊಳಗೆ ಮೂರು ಸಣ್ಣ ಉಕ್ಕಿನ ಗೋಲಿಗಳಿವೆ. ಮೊದಲ ಸಲ ಬಿಚ್ಚಿದಾಗ ಮೂರನೆಯದಕ್ಕಾಗಿ ನಾನು ಅರ್ಧ ದಿನ ಟಾರ್ಚ್ ಹಿಡಿದು ಮೇಜಿನ ಕೆಳಗೆ ಹರಿದಾಡಿದ್ದೇನೆ. ಅದು ಸಿಗದೆ ಎರಡರಲ್ಲೇ ಮುಚ್ಚಿ ಮಾರಿದವರೂ ಇರಬಹುದು ಅನ್ನುವ ಅನುಮಾನ ನನಗಿದೆ. ಸಾಧ್ಯವಾದರೆ ವೇಗ ಅಳೆಯುವ ಯಂತ್ರದಲ್ಲಿ ಸತತ ಹತ್ತು ಗುಂಡಿನ ಅಳತೆ ಕೇಳಿ. ವೇಗ ಕಡಿಮೆಯಿದ್ದರೂ ಹತ್ತೂ ಒಂದೇ ಸಮ ಇದ್ದರೆ ನನಗೆ ಅಷ್ಟೇ ಸಾಕು. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ, ಅಂಚೆಯಲ್ಲಿ ತರಿಸಬಹುದಾ ಎಂಬುದನ್ನು ದುಡ್ಡು ಕಳಿಸುವ ಮುಂಚೆ ವಿಚಾರಿಸಿ.

ಈ ಫೋಟೊಗಳನ್ನು ಅವನು ಗೊಣಗದೆ ಕಳಿಸಿದರೆ, ಮಾರಾಟವಾದವುಗಳ ಸರಾಸರಿಗಿಂತ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ, ಕಾಯಬೇಡಿ. ‘ಬೇಕಾದ್ರೆ ತಗೊಳ್ಳಿ, ಇನ್ನೂ ಹತ್ತು ಜನ ಕೇಳ್ತಿದ್ದಾರೆ’ ಅಂದರೆ ಆ ಹತ್ತು ಜನರಿಗೇ ಬಿಟ್ಟುಬಿಡಿ. ಮುಂದಿನ ತಿಂಗಳು ಹಸಿರು ಹೊದಿಕೆಯ ಮೇಲೆ ಅದೇ ಗನ್ ಮತ್ತೆ ಕಾಣಿಸಿಕೊಂಡರೆ ನನಗೆ ತಿಳಿಸಿ.