ದ್ವೀಪಕ್ಕೆ ಬೀಗ ಬೇಡ ಮೇಷ್ಟ್ರೇ

ಪತ್ರ: ಫಿಜಿಯಲ್ಲಿ ಎಚ್‌ಐವಿ ಏಕಾಏಕಿ ಹೆಚ್ಚಿದೆ ಎಂದು ಓದಿದೆ. ಹಿಂದೆ ಕ್ಯೂಬಾ ಸೋಂಕಿತರನ್ನೆಲ್ಲ ಒಂದೆಡೆ ಕೂಡಿಹಾಕಿ ರೋಗವನ್ನು ಹತೋಟಿಗೆ ತಂದಿತ್ತಲ್ಲ. ಸುತ್ತ ಸಮುದ್ರ ಇರುವ ಪುಟ್ಟ ದೇಶಗಳಿಗೆ ಅದೇ ಸರಿಯಾದ ದಾರಿ ಅಲ್ಲವೇ? ಅಷ್ಟು ಗಟ್ಟಿತನ ನಮ್ಮ ಸರ್ಕಾರಗಳಿಗೆ ಯಾಕಿಲ್ಲ? ಇನ್ನೊಂದು ಮಾತು. ಇಂಥ ವಿಷಯವೆಲ್ಲ ಮನೆಮಂದಿ ಓದುವ ಪತ್ರಿಕೆಯಲ್ಲಿ ಬರಬೇಕೇ?
– ನಿವೃತ್ತ ಶಿಕ್ಷಕರು, ಸಾಗರ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ದುಂಡು ಅಕ್ಷರ ನೋಡಿ ಖುಷಿಯಾಯಿತು. ಒಳಗಿನ ವಿಷಯ ಓದಿ ಸ್ವಲ್ಪ ಬೇಜಾರಾಯಿತು. ತಂಟೆ ಮಾಡಿದ ಹುಡುಗನನ್ನು ತರಗತಿಯ ಹೊರಗೆ ನಿಲ್ಲಿಸಿದರೆ ಅವನು ಪಾಠ ಕಲಿಯುವುದಿಲ್ಲ ಅಂತ ನಿಮಗೆ ನಾನು ಹೇಳಬೇಕೇ?

ಕ್ಯೂಬಾಗೆ ಸಲ್ಲಬೇಕಾದ್ದು ಸಲ್ಲಲಿ. 1986ರಲ್ಲಿ ಹವಾನಾ ಹತ್ತಿರದ ಲೋಸ್ ಕೋಕೋಸ್‌ನಲ್ಲಿ ಸೋಂಕಿತರಿಗಾಗಿ ಆರೋಗ್ಯಧಾಮ ತೆರೆದರು. ಊಟ, ಔಷಧ, ಸಂಬಳ ಯಾವುದಕ್ಕೂ ಕೊರತೆ ಮಾಡಲಿಲ್ಲ. ಅಕ್ಕಪಕ್ಕದ ದ್ವೀಪಗಳಿಗಿಂತ ಅಲ್ಲಿ ಸೋಂಕು ಕಡಿಮೆಯೇ ಇತ್ತು. ಆದರೆ ಸೋವಿಯತ್ ನೆರವು ನಿಂತು ದೇಶ ಹಸಿದಿದ್ದಾಗ ಏನಾಯಿತು ಗೊತ್ತಾ? ಉದ್ದ ಕೂದಲು ಬಿಟ್ಟು ರಾಕ್ ಸಂಗೀತದ ಹುಚ್ಚು ಹಿಡಿಸಿಕೊಂಡಿದ್ದ ಕೆಲವು ಹುಡುಗರು ಬೇಕೆಂದೇ ಸೋಂಕಿನ ರಕ್ತ ಚುಚ್ಚಿಕೊಂಡರು. ಒಳಗೆ ಹೋದರೆ ಹೊಟ್ಟೆ ತುಂಬ ಊಟ, ಪೊಲೀಸರ ಕಾಟವೂ ಇಲ್ಲ ಅಂತ! ನಿಮ್ಮ ಗಟ್ಟಿ ಸರ್ಕಾರದ ಕಥೆಯಲ್ಲಿ ಈ ಪುಟವೂ ಇದೆ.

1993ರ ಹೊತ್ತಿಗೆ ಕ್ಯೂಬಾ ತಾನೇ ಬೀಗ ಸಡಿಲಿಸಿತು. ಇಷ್ಟವಿದ್ದವರು ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯಬಹುದಿತ್ತು. ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಲೈಂಗಿಕ ರೋಗವಾದ ಸಿಫಿಲಿಸ್ ದಾಟುವುದನ್ನು ತಡೆದ ಮೊದಲ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೊಗಳಿದ್ದು 2015ರಲ್ಲಿ. ಆ ಹೆಸರು ತಂದುಕೊಟ್ಟಿದ್ದು ಬಸುರಿಯರ ತಪಾಸಣೆ ಮತ್ತು ಮಾತ್ರೆ. 2017ರಲ್ಲಿ ಆಂಟಿಗುವಾ, ಮಾಂಟ್‌ಸೆರಾಟ್, ಸೇಂಟ್ ಕಿಟ್ಸ್ ಮೊದಲಾದ ಆರು ದ್ವೀಪ ನಾಡುಗಳಿಗೆ ಇದೇ ಮನ್ನಣೆ ಬಂತು. 2019ರಲ್ಲಿ ನಮ್ಮ ನೆರೆಯ ಶ್ರೀಲಂಕಾ, ಮಾಲ್ಡೀವ್ಸ್‌ಗೂ ಬಂತು.

ನಾನು ನಿಮಗೆ ಹೇಳಬೇಕೆಂದಿರುವುದು ಕ್ಯೂಬಾದ ಪಕ್ಕದ ಹೈಟಿಯ ಕಥೆ. ಆ ದೇಶದ ಹೆಸರು ಬಂದರೆ ನಾನು ಸುಮ್ಮನಿರುವವನಲ್ಲ. 1983ರಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಏಡ್ಸ್ ಅಪಾಯ ಇರುವವರ ಪಟ್ಟಿಯಲ್ಲಿ ಹೈಟಿಯವರನ್ನೂ ಸೇರಿಸಿತು. ಇಡೀ ಒಂದು ದೇಶದ ಜನ ಅಪಾಯಕಾರಿಗಳಾಗಿಬಿಟ್ಟರು! 1990ರಲ್ಲಿ ಹೈಟಿಯವರು ರಕ್ತದಾನ ಮಾಡಬಾರದು ಅಂತ ಅಮೆರಿಕ ಸರ್ಕಾರ ಹೇಳಿತು. ನ್ಯೂಯಾರ್ಕಿನಲ್ಲಿದ್ದ ಹೈಟಿಯವರು ಸಾವಿರಗಟ್ಟಲೆ ಸೇರಿ ಬ್ರೂಕ್ಲಿನ್ ಸೇತುವೆ ದಾಟಿ ಪ್ರತಿಭಟಿಸಿದರು. ಆಮೇಲೆ ಆ ನಿಷೇಧ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ದೋಣಿ ಹತ್ತಿ ಬಂದ ಹೈಟಿಯ ನಿರಾಶ್ರಿತರಲ್ಲಿ ಸೋಂಕಿದ್ದವರನ್ನು ಕ್ಯೂಬಾ ನೆಲದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೋದಲ್ಲಿ ಮುಳ್ಳುತಂತಿಯೊಳಗೆ ಇಟ್ಟರು. 1993ರಲ್ಲಿ ಕೋರ್ಟು ಹೇಳಿದ ಮೇಲೆಯೇ ಬಿಟ್ಟಿದ್ದು. ಆ ಬೇಲಿಯಿಂದ ಯಾರ ರೋಗ ವಾಸಿಯಾಯಿತು, ನೀವೇ ಹೇಳಿ.

ಅದೇ ಹೈಟಿಯಲ್ಲಿ ಡಾಕ್ಟರ್ ಜಾನ್ ವಿಲಿಯಂ ಪಾಪ್ 1982ರಿಂದಲೇ ಗೆಸ್ಕಿಯೋ ಎಂಬ ಏಡ್ಸ್ ಚಿಕಿತ್ಸಾ ಕೇಂದ್ರ ನಡೆಸುತ್ತಿದ್ದರು. ಗುಡ್ಡಗಾಡಿನ ಕಾಂಜ್ ಎಂಬ ಹಳ್ಳಿಯಲ್ಲಿ ಡಾಕ್ಟರ್ ಪಾಲ್ ಫಾರ್ಮರ್ ಮತ್ತು ಗೆಳೆಯರು 1998ರಿಂದ ಬಡವರಿಗೆ ದುಬಾರಿ ಔಷಧವನ್ನು ಪುಕ್ಕಟೆ ಕೊಡತೊಡಗಿದರು. ಅವರ ಉಪಾಯ ಬಹಳ ಸರಳ. ಅದೇ ಊರಿನ ಒಬ್ಬರನ್ನು ಸಂಬಳ ಕೊಟ್ಟು ನೇಮಿಸುವುದು. ಅವರು ದಿನಾ ರೋಗಿಯ ಮನೆಗೆ ಹೋಗಿ, ಕಣ್ಣೆದುರೇ ಮಾತ್ರೆ ನುಂಗಿಸಿ, ಕಷ್ಟಸುಖ ಮಾತಾಡಿಸಿ ಬರುವುದು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. 2001ರಲ್ಲಿ ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥರು ಆಫ್ರಿಕಾದವರಿಗೆ ಗಡಿಯಾರವೇ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದರು. ಉತ್ತರ ಹೈಟಿಯಿಂದ ಬಂತು. ಗೆಸ್ಕಿಯೋದಲ್ಲಿ ಔಷಧ ಶುರು ಮಾಡಿದ ದೊಡ್ಡವರಲ್ಲಿ ನೂರಕ್ಕೆ 87 ಜನ, ಮಕ್ಕಳಲ್ಲಿ 98 ಜನ ಒಂದು ವರ್ಷದ ನಂತರವೂ ಬದುಕಿದ್ದರು. 2005ರಲ್ಲಿ ಅಚ್ಚಾದ ಲೆಕ್ಕ ಇದು.

ಔಷಧದ ಬೆಲೆ ಇಳಿಸಿದ್ದರಲ್ಲಿ ನಮ್ಮವರ ಪಾಲೂ ಇದೆ. ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು ಮುಂಬೈನ ಔಷಧ ಕಂಪನಿ ಸಿಪ್ಲಾ 2001ರಲ್ಲಿ 350 ಡಾಲರಿಗೆ ಕೊಡುತ್ತೇವೆ ಅಂತು. ಅದೇ ವರ್ಷ ಕ್ಯೂಬಾ, ಹೈಟಿ ಸುತ್ತಮುತ್ತಲ ಕೆರಿಬಿಯನ್ ದೇಶಗಳು ಎಚ್‌ಐವಿ ಎದುರಿಸಲು ಪ್ಯಾನ್‌ಕ್ಯಾಪ್ ಎಂಬ ಒಕ್ಕೂಟ ಕಟ್ಟಿಕೊಂಡವು. ನಮ್ಮ ಒಂದು ತಾಲೂಕಿಗಿಂತ ಕಡಿಮೆ ಜನ ಇರುವ ದ್ವೀಪ ಒಂಟಿಯಾಗಿ ಹೋದರೆ ಔಷಧ ಕಂಪನಿ ಮಾತಾಡಿಸುತ್ತದಾ? ಒಟ್ಟಿಗೆ ಹೋದರು, ಚೌಕಾಸಿ ಮಾಡಿದರು. ಗಟ್ಟಿತನ ಅಂದರೆ ನನ್ನ ಮಟ್ಟಿಗೆ ಇದು.

ಇನ್ನು ಫಿಜಿ. ಸುಮಾರು ಒಂಬತ್ತು ಲಕ್ಷ ಜನರ ಆ ದೇಶದಲ್ಲಿ 2024ರಲ್ಲಿ 1,583 ಹೊಸ ಪ್ರಕರಣ. 2025ರ ಜನವರಿಯಲ್ಲಿ ಸರ್ಕಾರವೇ ಸೋಂಕು ಸ್ಫೋಟಿಸಿದೆ ಅಂತ ಘೋಷಿಸಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಸಾಗುವ ಮಾದಕವಸ್ತು ದಾರಿಯಲ್ಲೇ ಸೋರಿ ಹುಡುಗರ ಕೈ ಸೇರಿದೆ. ಒಂದೇ ಸೂಜಿಯನ್ನು ಹಂಚಿಕೊಂಡು ಚುಚ್ಚಿಕೊಳ್ಳುತ್ತಾರೆ. ಕೂಡಿಹಾಕುತ್ತೇವೆ ಅಂದರೆ ಅವರಲ್ಲಿ ಯಾರು ತಾನೇ ಪರೀಕ್ಷೆಗೆ ಬರುತ್ತಾರೆ? ಶುದ್ಧ ಸೂಜಿ ಕೊಡಬೇಕು, ಬೈಯದೆ ಕೂರಿಸಿ ಮಾತಾಡಿಸಬೇಕು.

ಇದೆಲ್ಲ ದೂರದ್ದು ಅನ್ನಬೇಡಿ. ಕಾರವಾರದಿಂದ ಆಚೆ ಕಾಲಿಟ್ಟರೆ ಗೋವಾ. 1989ರಲ್ಲಿ ರಕ್ತದಾನ ಮಾಡಿದ ಡೊಮಿನಿಕ್ ಡಿಸೋಜಾ ಎಂಬ ಯುವಕನಿಗೆ ಸೋಂಕಿದೆ ಅಂತ ತಿಳಿದು, ಅಲ್ಲಿನ ಆರೋಗ್ಯ ಕಾನೂನಿನ ಪ್ರಕಾರ ಪೊಲೀಸರು ಹಿಡಿದರು. ಹಳೆಯ ಕ್ಷಯರೋಗಿಗಳ ಕಟ್ಟಡದಲ್ಲಿ 64 ದಿನ ಒಬ್ಬನನ್ನೇ ಇಟ್ಟರು. ನೀವು ಕೇಳುವ ಗಟ್ಟಿ ಸರ್ಕಾರ ನಮ್ಮಲ್ಲೂ ಇತ್ತು ಮೇಷ್ಟ್ರೇ. 2020ರಲ್ಲಿ ಕೊರೋನಾ ಬಂದಾಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಪಾಲಿಕೆಯವರು ಬಾಗಿಲಿಗೆ ತಗಡು ಬಡಿದು ಆಮೇಲೆ ಕ್ಷಮೆ ಕೇಳಿದ್ದು ಮರೆತಿರಾ? ರೋಗಿಯ ಗುಟ್ಟು ಕಾಪಾಡಬೇಕು ಅಂತ 2018ರಿಂದ ಎಚ್‌ಐವಿ ಕಾಯ್ದೆ ಜಾರಿಯಲ್ಲಿದೆ. ಆದರೂ ನನಗೆ ಗೊತ್ತಿರುವ ಒಂದು ಆಸ್ಪತ್ರೆಯಲ್ಲಿ ರೋಗಿಯ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿದ್ದರು. ಕಸ ಗುಡಿಸುವವರಿಗೂ ಗೊತ್ತು, ಕ್ಯಾಂಟೀನ್ ಹುಡುಗನಿಗೂ ಗೊತ್ತು.

ಮನೆಮಂದಿ ಓದುವ ಪತ್ರಿಕೆಯಲ್ಲಿ ಇದು ಬೇಕಾ ಅಂದಿರಿ. ಬೇಕು. ಸೋಂಕು ಇರುವವರೂ ಮನೆಮಂದಿಯೇ ಅಲ್ವಾ? ಮಾತ್ರೆ ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾದವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ಹರಡುವುದಿಲ್ಲ. ಇದನ್ನು ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರು, ಕೇಳಿ ನೋಡಿ. ಅವರು ಹೇಳಿದ್ದನ್ನು ಬರೆದು ಕಳಿಸಿದರೆ ಅದನ್ನೂ ಅಚ್ಚು ಹಾಕುತ್ತೇನೆ.