ಒಂದೇ ಆಕಾಶಕ್ಕೆ ಎರಡು ಅಧ್ಯಯನ

ಪ್ರಶ್ನೆ: ರೇಡಿಯೋ ಖಗೋಳವಿಜ್ಞಾನಿ ರೇ ನಾರಿಸ್ ಅವರು ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಕಾಶಜ್ಞಾನವನ್ನೂ ಅಭ್ಯಸಿಸಿದ್ದಾರೆಂದು ಓದಿದೆ. ಅವರ ವೃತ್ತಿಜೀವನದ ಬಗ್ಗೆ ತಿಳಿಸುವಿರಾ?

ಉತ್ತರ: ಇಂಗ್ಲೆಂಡಿನಲ್ಲಿ ಕೇಂಬ್ರಿಡ್ಜ್ ಮತ್ತು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಓದಿದ ನಾರಿಸ್, 1983ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್ಐಆರ್‌ಒವನ್ನು ಸೇರಿದರು. ಅವರ ಮುಖ್ಯ ಕೆಲಸ ಗ್ಯಾಲಕ್ಸಿಗಳ ವಿಕಾಸವನ್ನು ಕುರಿತದ್ದು. ಪಶ್ಚಿಮ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವಜಾರಿ ಯಮಾಜಿ ಜನರ ನೆಲದಲ್ಲಿ ನಿಂತಿರುವ, 36 ಆಂಟೆನಾಗಳ ಆಸ್ಕ್ಯಾಪ್ ರೇಡಿಯೋ ದೂರದರ್ಶಕದ 'ಎಮು' (ವಿಶ್ವದ ವಿಕಾಸದ ನಕ್ಷೆ ಎಂಬರ್ಥದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಸಮೀಕ್ಷೆಯ ನೇತೃತ್ವವನ್ನು ಅವರು ವಹಿಸಿದ್ದರು.

ಮೂಲನಿವಾಸಿಗಳಲ್ಲಿ ಅನೇಕ ಸಮುದಾಯಗಳು ನಕ್ಷತ್ರಗಳನ್ನಷ್ಟೇ ಅಲ್ಲದೆ, ಆಕಾಶಗಂಗೆಯ ಕಪ್ಪು ಧೂಳಿನ ಪಟ್ಟಿಗಳನ್ನೂ ಗುರುತಿಸಿ, ಅವುಗಳಲ್ಲಿ ಎಮು ಹಕ್ಕಿಯ ಆಕೃತಿಯನ್ನು ಕಂಡಿವೆ. (ನಮ್ಮ ಪಠ್ಯಪುಸ್ತಕಗಳು ಬೆಳಕಿನ ಚುಕ್ಕಿಗಳನ್ನು ಮಾತ್ರ ಜೋಡಿಸಲು ಕಲಿಸುತ್ತವೆ.) ವಿಕ್ಟೋರಿಯಾ ರಾಜ್ಯದ ವುರ್ಡಿ ಯೂಆಂಗ್‌ನಲ್ಲಿರುವ ಅಂಡಾಕಾರದ ಶಿಲಾವಿನ್ಯಾಸವನ್ನು ನಾರಿಸ್ ಮತ್ತು ಸಹೋದ್ಯೋಗಿಗಳು ಅಳೆದು, ಅದರ ಕೆಲವು ರೇಖೆಗಳು ಅಯನ (ಹಗಲು ಅತಿ ದೀರ್ಘ ಅಥವಾ ಅತಿ ಕಿರಿದಾದ) ಮತ್ತು ವಿಷುವ (ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾದ) ದಿನಗಳ ಸೂರ್ಯಾಸ್ತದ ದಿಕ್ಕುಗಳನ್ನು ಸೂಚಿಸುತ್ತವೆಯೆಂದೂ ಅದು ಕೇವಲ ಆಕಸ್ಮಿಕವಾಗಿರುವ ಸಂಭವ ಕಡಿಮೆಯೆಂದೂ ವಾದಿಸಿದರು. ನನ್ನ ದೃಷ್ಟಿಯಲ್ಲಿ ಅವರ ಭೌತವಿಜ್ಞಾನದ ತರಬೇತಿ ಹೆಚ್ಚು ನೆರವಾದದ್ದು ಇಲ್ಲಿಯೇ. ಆದರೂ ದಿಕ್ಕು ಹೊಂದಿಕೆಯಾದ ಮಾತ್ರಕ್ಕೆ ಕಟ್ಟಿದವರ ಉದ್ದೇಶ ಪೂರ್ಣವಾಗಿ ತಿಳಿಯುವುದಿಲ್ಲ. ಅದಕ್ಕೆ ಆ ನೆಲದ ಹಿರಿಯರ ಅರಿವೂ ಅನುಮತಿಯೂ ಬೇಕು.